ಲಿನಕ್ಸ್ ಉಚಿತ, ಕ್ಲೌಡ್ ಸುರಕ್ಷಿತ: ಈ ನಂಬಿಕೆಗಳು ಎಷ್ಟು ನಿಜ?

ಪಡಿತರ ಅಂಗಡಿ, ನಾಡಕಚೇರಿ, ಬ್ಯಾಂಕ್ ಕೌಂಟರ್. ಇವುಗಳಲ್ಲಿ ಎಲ್ಲಾದರೂ ಒಂದು ಕಡೆ ನೀವು ಈ ಮಾತನ್ನು ಕೇಳಿಯೇ ಇರುತ್ತೀರಿ: "ಸರ್ವರ್ ಡೌನ್ ಇದೆ, ನಾಳೆ ಬನ್ನಿ." ಮಳೆ ಬರಲಿಲ್ಲ ಎಂಬಷ್ಟೇ ಸಹಜವಾಗಿ ಇದನ್ನು ಒಪ್ಪಿಕೊಂಡು ನಾವು ಮನೆಗೆ ಮರಳುತ್ತೇವೆ. ಆದರೆ ಸರ್ವರ್ ಎಂಬುದು ಮಳೆಯಂತೆ ನಮ್ಮ ಕೈಮೀರಿದ್ದಲ್ಲ. ಅದು ಎಲ್ಲೋ ಒಂದು ಕಟ್ಟಡದಲ್ಲಿ ಕರೆಂಟ್ ಮೇಲೆ ಓಡುತ್ತಿರುವ ಕಂಪ್ಯೂಟರ್. ಅದನ್ನು ಯಾರೋ ನೋಡಿಕೊಳ್ಳಬೇಕು, ಅದರ ತಂತ್ರಾಂಶದಲ್ಲಿನ ತೂತುಗಳನ್ನು ಯಾರೋ ಮುಚ್ಚುತ್ತಿರಬೇಕು.

ಈ ಸರ್ವರ್‌ಗಳ ಬಗ್ಗೆ ಎರಡು ನಂಬಿಕೆಗಳು ಬಹಳ ಗಟ್ಟಿಯಾಗಿವೆ. ಒಂದು, ಲಿನಕ್ಸ್ ಉಚಿತ, ಅದಕ್ಕೆ ಖರ್ಚಿಲ್ಲ. ಇನ್ನೊಂದು, ಕ್ಲೌಡ್‌ಗೆ ಹಾಕಿದ ಮಾಹಿತಿ ಎಂದಿಗೂ ಹಾಳಾಗುವುದಿಲ್ಲ. ಎರಡರಲ್ಲೂ ಸ್ವಲ್ಪ ಸತ್ಯವಿದೆ. ಆದರೆ 2020ರಿಂದ ಈಚೆಗೆ ನಡೆದ ಕೆಲವು ಬೆಳವಣಿಗೆಗಳು ಪೂರ್ತಿ ಸತ್ಯ ಬೇರೆಯೇ ಎಂದು ತೋರಿಸಿವೆ. ಇಲ್ಲಿ ನಿಜವಾಗಿ ಬೆಲೆ ಇರುವುದು ತಂತ್ರಾಂಶಕ್ಕಲ್ಲ. "ಇಷ್ಟು ವರ್ಷ ನಾವು ಇದನ್ನು ನೋಡಿಕೊಳ್ಳುತ್ತೇವೆ" ಎಂಬ ಮಾತಿಗೆ. ಆ ಮಾತು ಕೊಟ್ಟವರು ಅದನ್ನು ಬದಲಾಯಿಸಿದರೆ ಏನಾಗುತ್ತದೆ ಎಂಬುದೇ ಈ ಲೇಖನದ ವಿಷಯ.

ಲಿನಕ್ಸ್ ಎಲ್ಲೆಲ್ಲಿದೆ?

ನಮ್ಮಲ್ಲಿ ಹೆಚ್ಚಿನವರ ಮನೆಯ ಕಂಪ್ಯೂಟರಿನಲ್ಲಿ ಇರುವುದು ವಿಂಡೋಸ್. ಹಾಗಾಗಿ ಲಿನಕ್ಸ್ ಎಂದರೆ ಕೆಲವೇ ತಂತ್ರಜ್ಞರ ಹವ್ಯಾಸ ಎಂದುಕೊಳ್ಳುವುದು ಸುಲಭ. ಆದರೆ ನಿಮ್ಮ ಆಂಡ್ರಾಯ್ಡ್ ಫೋನಿನ ತಿರುಳಿನಲ್ಲಿ ಇರುವುದು ಲಿನಕ್ಸ್. ಜಗತ್ತಿನ ಅತಿ ವೇಗದ 500 ಸೂಪರ್ ಕಂಪ್ಯೂಟರ್‌ಗಳ ಪಟ್ಟಿಯಲ್ಲಿ 2017ರ ನವೆಂಬರ್‌ನಿಂದ ಇರುವವೆಲ್ಲ ಲಿನಕ್ಸ್ ಮೇಲೆ ಓಡುವ ಯಂತ್ರಗಳೇ. ನೀವು ತೆರೆಯುವ ಬಹುಪಾಲು ಜಾಲತಾಣಗಳ ಹಿಂದಿನ ಸರ್ವರ್‌ಗಳೂ ಅದನ್ನೇ ಬಳಸುತ್ತವೆ.

1991ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್‌ನ ಕರ್ನಲ್ ಬರೆಯಲು ಆರಂಭಿಸಿದರು. ಕರ್ನಲ್ ಎಂದರೆ ಆಪರೇಟಿಂಗ್ ಸಿಸ್ಟಂನ ತಿರುಳು. ಪ್ರೊಸೆಸರ್, ಮೆಮೊರಿ, ಡಿಸ್ಕ್ ಇವುಗಳನ್ನು ಯಾವ ಪ್ರೋಗ್ರಾಂಗೆ ಎಷ್ಟು ಹೊತ್ತು ಕೊಡಬೇಕು ಎಂದು ತೀರ್ಮಾನಿಸುವುದು ಇದೇ. ಮರುವರ್ಷ ಅವರು ಇದನ್ನು ಜಿಪಿಎಲ್ ಎಂಬ ಪರವಾನಗಿಯ ಅಡಿಯಲ್ಲಿ ತಂದರು. ರಿಚರ್ಡ್ ಸ್ಟಾಲ್‌ಮನ್ ತಮ್ಮ ಗ್ನು ಯೋಜನೆಗಾಗಿ ರೂಪಿಸಿದ ಪರವಾನಗಿ ಅದು.

ಈ ಪರವಾನಗಿ ಹೇಳುವುದೇನು? ಒಂದು ಪ್ರೋಗ್ರಾಂ ಅನ್ನು ನೀವು ಯಾರಿಗೆ ಕೊಡುತ್ತೀರೋ ಅವರಿಗೆ ಅದರ ಮೂಲ ಸಂಕೇತವನ್ನೂ, ಅಂದರೆ ಸೋರ್ಸ್ ಕೋಡನ್ನೂ, ಕೊಡಬೇಕು. ಅವರು ಅದನ್ನು ಓದಬಹುದು, ತಿದ್ದಬಹುದು, ಮತ್ತೊಬ್ಬರಿಗೆ ಹಂಚಬಹುದು. ದುಡ್ಡು ತೆಗೆದುಕೊಳ್ಳಬಾರದು ಎಂದು ಅದು ಎಲ್ಲಿಯೂ ಹೇಳುವುದಿಲ್ಲ. ಇಂಗ್ಲಿಷಿನಲ್ಲಿ "ಫ್ರೀ" ಎಂಬ ಒಂದೇ ಪದಕ್ಕೆ ಸ್ವತಂತ್ರ ಎಂಬ ಅರ್ಥವೂ ಇದೆ, ಪುಕ್ಕಟೆ ಎಂಬ ಅರ್ಥವೂ ಇದೆ. ಗೊಂದಲ ಹುಟ್ಟಿದ್ದು ಅಲ್ಲಿ. ಕನ್ನಡದಲ್ಲಿ ಇವೆರಡೂ ಬೇರೆ ಬೇರೆ ಪದಗಳು. ಹಾಗಾಗಿ ಇದನ್ನು "ಉಚಿತ ತಂತ್ರಾಂಶ" ಎನ್ನುವುದಕ್ಕಿಂತ "ಸ್ವತಂತ್ರ ತಂತ್ರಾಂಶ" ಎನ್ನುವುದೇ ಸರಿ.

ಹವ್ಯಾಸಿಗಳು ಬಿಡುವಿನ ವೇಳೆಯಲ್ಲಿ ಬರೆದದ್ದು ಎಂಬ ಮಾತೂ ಈಗ ಹಳತಾಗಿದೆ. ಇಂದು ಲಿನಕ್ಸ್ ಕರ್ನಲ್‌ಗೆ ಸೇರುವ ಕೋಡ್‌ನ ಬಹುಪಾಲನ್ನು ಬರೆಯುವವರು ಇಂಟೆಲ್, ರೆಡ್ ಹ್ಯಾಟ್, ಗೂಗಲ್‌ನಂಥ ಕಂಪನಿಗಳಲ್ಲಿ ಸಂಬಳಕ್ಕೆ ದುಡಿಯುವ ಎಂಜಿನಿಯರ್‌ಗಳು.

ಪುಕ್ಕಟೆ ಸಿಗುವುದಕ್ಕೆ ಕಂಪನಿಗಳು ಹಣ ಕೊಡುವುದೇಕೆ?

ರೆಡ್ ಹ್ಯಾಟ್ ಕಂಪನಿ ಹುಟ್ಟಿದ್ದು 1993ರಲ್ಲಿ. ಮೂಲ ಸಂಕೇತವನ್ನು ಎಲ್ಲರಿಗೂ ತೆರೆದಿಟ್ಟೇ ವರ್ಷಕ್ಕೆ 100 ಕೋಟಿ ಡಾಲರ್‌ಗಿಂತ ಹೆಚ್ಚು ಆದಾಯ ಗಳಿಸಿದ ಮೊದಲ ಕಂಪನಿ ಅದು. ಆ ಮಟ್ಟ ಮುಟ್ಟಿದ್ದು 2012ರ ಹಣಕಾಸು ವರ್ಷದಲ್ಲಿ. ಹಾಗಾದರೆ ಗ್ರಾಹಕರು ಹಣ ಕೊಟ್ಟಿದ್ದು ಯಾವುದಕ್ಕೆ?

ಒಂದು ಆಸ್ಪತ್ರೆಯನ್ನೋ ಬ್ಯಾಂಕನ್ನೋ ಊಹಿಸಿಕೊಳ್ಳಿ. ಅವರ ತಂತ್ರಾಂಶವನ್ನು ಒಂದು ನಿರ್ದಿಷ್ಟ ಲಿನಕ್ಸ್ ಆವೃತ್ತಿಯ ಮೇಲೆ ಪರೀಕ್ಷಿಸಿ ಕೂರಿಸಿರುತ್ತಾರೆ. ಆರು ತಿಂಗಳಿಗೊಮ್ಮೆ ಹೊಸ ಆವೃತ್ತಿಗೆ ಹೋದರೆ ಪ್ರತಿ ಬಾರಿಯೂ ಎಲ್ಲವನ್ನೂ ಮರುಪರೀಕ್ಷೆ ಮಾಡಬೇಕು. ಹೋಗದಿದ್ದರೆ ಹಳೆಯ ಆವೃತ್ತಿಯಲ್ಲಿ ಹೊಸದಾಗಿ ಪತ್ತೆಯಾಗುವ ಭದ್ರತಾ ದೋಷಗಳು ಹಾಗೆಯೇ ಉಳಿಯುತ್ತವೆ.

ಇದಕ್ಕೆ ಪರಿಹಾರವಾಗಿ ಬಂದದ್ದೇ ಎಂಟರ್‌ಪ್ರೈಸ್ ಲಿನಕ್ಸ್. ಇಲ್ಲಿ ಕಂಪನಿ ಒಂದು ಆವೃತ್ತಿಯನ್ನು ಆರಿಸಿ ಹಾಗೆಯೇ ನಿಲ್ಲಿಸುತ್ತದೆ. ನಂತರ ಸುಮಾರು 10 ವರ್ಷ, ಹೊಸ ಆವೃತ್ತಿಗಳಲ್ಲಿ ಆಗುವ ಭದ್ರತಾ ತಿದ್ದುಪಡಿಗಳನ್ನು ಮಾತ್ರ ಹೆಕ್ಕಿ ತೆಗೆದು, ಹಳೆಯ ಕೋಡ್‌ಗೆ ಒಪ್ಪುವಂತೆ ಹೊಂದಿಸಿ ಸೇರಿಸುತ್ತದೆ. ಇದನ್ನು ಬ್ಯಾಕ್‌ಪೋರ್ಟ್ ಎನ್ನುತ್ತಾರೆ. ಹೆಂಚಿನ ಮನೆಯನ್ನು ಕೆಡವದೆ, ಒಡೆದ ಹೆಂಚನ್ನಷ್ಟೇ ಅದೇ ಅಳತೆಯ ಹೊಸ ಹೆಂಚಿನಿಂದ ಬದಲಿಸಿದ ಹಾಗೆ.

ಉದಾಹರಣೆಗೆ, 2019ರಲ್ಲಿ ಬಂದ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 8 ಬಳಸುವುದು 4.18 ಸಂಖ್ಯೆಯ ಕರ್ನಲ್. ಮೂಲ 4.18 ಬಿಡುಗಡೆಯಾದದ್ದು 2018ರಲ್ಲಿ. ಸಂಖ್ಯೆ ನೋಡಿದವರಿಗೆ ಇದು ತೀರಾ ಹಳತು ಅನ್ನಿಸುತ್ತದೆ. ಆದರೆ ಅದರ ಒಳಗೆ ನಂತರದ ವರ್ಷಗಳ ಸಾವಿರಾರು ತಿದ್ದುಪಡಿಗಳು ಸೇರಿವೆ. ಹಾಗಾಗಿ "ಆವೃತ್ತಿ ಸಂಖ್ಯೆ ಹಳೆಯದಾದರೆ ಅಸುರಕ್ಷಿತ" ಎಂಬುದೂ ಒಂದು ತಪ್ಪು ತಿಳುವಳಿಕೆಯೇ. ನೋಡಬೇಕಾದದ್ದು ಸಂಖ್ಯೆಯನ್ನಲ್ಲ, ಅದಕ್ಕೆ ಇಂದಿಗೂ ತಿದ್ದುಪಡಿ ಬರುತ್ತಿದೆಯೇ ಎಂಬುದನ್ನು.

ತಡವಾಗಿ ನಡೆಯುವುದರ ಲಾಭ 2024ರಲ್ಲಿ ಚೆನ್ನಾಗಿಯೇ ಗೊತ್ತಾಯಿತು. ಎಕ್ಸ್‌ಝಡ್ ಎಂಬುದು ಕಡತಗಳನ್ನು ಕುಗ್ಗಿಸುವ ಒಂದು ಚಿಕ್ಕ ತಂತ್ರಾಂಶ. ಹೆಚ್ಚುಕಡಿಮೆ ಒಬ್ಬರೇ ವ್ಯಕ್ತಿ ಬಿಡುವಿನ ವೇಳೆಯಲ್ಲಿ ಅದನ್ನು ನೋಡಿಕೊಳ್ಳುತ್ತಿದ್ದರು. ಜಿಯಾ ಟಾನ್ ಎಂಬ ಹೆಸರಿನಲ್ಲಿ ಯಾರೋ ಎರಡು ವರ್ಷಕ್ಕೂ ಹೆಚ್ಚು ಕಾಲ ನೆರವಾಗುತ್ತ, ನಂಬಿಕೆ ಗಳಿಸಿ, ಕೊನೆಗೆ ಅದರೊಳಗೆ ಒಂದು ಕಳ್ಳಬಾಗಿಲು ಇಟ್ಟರು. ದೂರದಿಂದ ಸರ್ವರ್‌ಗೆ ಲಾಗಿನ್ ಆಗಲು ಎಲ್ಲರೂ ಬಳಸುವ ಎಸ್‌ಎಸ್‌ಎಚ್ ಸೇವೆಯ ಮೂಲಕ ನುಸುಳುವ ದಾರಿ ಅದು. ಮೈಕ್ರೋಸಾಫ್ಟ್‌ನ ಎಂಜಿನಿಯರ್ ಆಂಡ್ರೆಸ್ ಫ್ರೋಯಿಂಡ್, ಲಾಗಿನ್ ಆಗಲು ಸುಮಾರು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಕೆದಕಿ ನೋಡಿ, 2024ರ ಮಾರ್ಚ್ 29ರಂದು ಇದನ್ನು ಬಯಲಿಗೆ ತಂದರು. ಆ ವೇಳೆಗೆ ಅದು ಫೆಡೋರಾ, ಡೆಬಿಯನ್‌ನಂಥ ವಿತರಣೆಗಳ ಪರೀಕ್ಷಾ ಆವೃತ್ತಿಗಳನ್ನು ತಲುಪಿತ್ತು. ನಿಧಾನವಾಗಿ ನಡೆಯುವ ಎಂಟರ್‌ಪ್ರೈಸ್ ಆವೃತ್ತಿಗಳಿಗೆ ಇನ್ನೂ ಬಂದಿರಲಿಲ್ಲ.

ಈ ಘಟನೆಗೆ ಇನ್ನೊಂದು ಮುಖವೂ ಇದೆ. ಮೂಲ ಸಂಕೇತ ತೆರೆದಿದ್ದ ಮಾತ್ರಕ್ಕೆ ಅದನ್ನು ಯಾರೋ ಓದುತ್ತಿದ್ದಾರೆ ಎಂದಲ್ಲ. ಓದಲು ಜನ ಬೇಕು, ಅವರಿಗೆ ಸಮಯ ಬೇಕು, ಸಂಬಳವೂ ಬೇಕು.

ಮೊದಲ ಬದಲಾವಣೆ: ಸೆಂಟ್‌ಒಎಸ್‌ನ ಕೊನೆ

ರೆಡ್ ಹ್ಯಾಟ್‌ನ ಮೂಲ ಸಂಕೇತ ತೆರೆದೇ ಇದ್ದುದರಿಂದ ಇನ್ನೊಂದು ದಾರಿ ಹುಟ್ಟಿತು. ಅದೇ ಕೋಡ್ ತೆಗೆದುಕೊಂಡು, ರೆಡ್ ಹ್ಯಾಟ್‌ನ ಹೆಸರು ಮತ್ತು ಚಿಹ್ನೆಗಳನ್ನು ತೆಗೆದು, ಮತ್ತೆ ಕಟ್ಟಿ ಪುಕ್ಕಟೆ ಹಂಚಬಹುದಲ್ಲ? 2004ರಲ್ಲಿ ಬಂದ ಸೆಂಟ್‌ಒಎಸ್ ಮಾಡಿದ್ದು ಇದನ್ನೇ. ದುಡ್ಡು ಕೊಟ್ಟವರಿಗೆ ರೆಡ್ ಹ್ಯಾಟ್, ಕೊಡಲಾಗದವರಿಗೆ ಸೆಂಟ್‌ಒಎಸ್. ಫೋನ್ ಮಾಡಿದರೆ ಉತ್ತರಿಸುವ ಸಹಾಯವಾಣಿ ಇರಲಿಲ್ಲ ಎಂಬುದನ್ನು ಬಿಟ್ಟರೆ ಎರಡೂ ಬಹುತೇಕ ಒಂದೇ. ವಿಶ್ವವಿದ್ಯಾಲಯಗಳು, ವೆಬ್ ಹೋಸ್ಟಿಂಗ್ ಕಂಪನಿಗಳು, ಸಣ್ಣ ಉದ್ಯಮಗಳು, ಸ್ಟಾರ್ಟ್‌ಅಪ್‌ಗಳು ಇದನ್ನು ನೆಚ್ಚಿಕೊಂಡವು.

2014ರಲ್ಲಿ ರೆಡ್ ಹ್ಯಾಟ್ ಸೆಂಟ್‌ಒಎಸ್ ಯೋಜನೆಯನ್ನು ತನ್ನ ತೆಕ್ಕೆಗೆ ತೆಗೆದುಕೊಂಡಿತು. 2019ರ ಜುಲೈನಲ್ಲಿ ಐಬಿಎಂ ರೆಡ್ ಹ್ಯಾಟ್ ಅನ್ನೇ 34 ಬಿಲಿಯನ್ ಡಾಲರ್‌ಗೆ ಕೊಂಡುಕೊಂಡಿತು. 2020ರ ಡಿಸೆಂಬರ್ 8ರಂದು ಸುದ್ದಿ ಬಂತು: 2029ರವರೆಗೆ ಅಪ್‌ಡೇಟ್ ಸಿಗಬಹುದೆಂದು ಬಳಕೆದಾರರು ನಂಬಿದ್ದ ಸೆಂಟ್‌ಒಎಸ್ 8, 2021ರ ಡಿಸೆಂಬರ್ 31ಕ್ಕೇ ಮುಗಿಯಲಿದೆ. ಅದರ ಬದಲು ಸೆಂಟ್‌ಒಎಸ್ ಸ್ಟ್ರೀಮ್ ಇರುತ್ತದೆ. ಸ್ಟ್ರೀಮ್ ಎಂದರೆ ರೆಡ್ ಹ್ಯಾಟ್‌ನ ಮುಂದಿನ ಬಿಡುಗಡೆಗೆ ತಯಾರಾಗುತ್ತಿರುವ ಆವೃತ್ತಿ. ಮೊದಲು ಸೆಂಟ್‌ಒಎಸ್ ರೆಡ್ ಹ್ಯಾಟ್‌ನ ಹಿಂದೆ ನಡೆಯುತ್ತಿತ್ತು, ಈಗ ಒಂದು ಹೆಜ್ಜೆ ಮುಂದೆ ನಡೆಯಬೇಕಾಯಿತು. ಸ್ಥಿರತೆಗಾಗಿಯೇ ಅದನ್ನು ಆರಿಸಿದವರಿಗೆ ಇದು ಬೇಕಿರಲಿಲ್ಲ.

ಈ ಪೆಟ್ಟು ವಿಜ್ಞಾನಕ್ಕೂ ಬಿತ್ತು. ಕಣಭೌತಶಾಸ್ತ್ರದ ಪ್ರಯೋಗಾಲಯಗಳಾದ ಅಮೆರಿಕದ ಫರ್ಮಿಲ್ಯಾಬ್ ಮತ್ತು ಜಿನೀವಾದ ಸರ್ನ್, ಹಿಂದೆ ಇದೇ ರೀತಿ ಮರುಕಟ್ಟಿದ ಸೈಂಟಿಫಿಕ್ ಲಿನಕ್ಸ್ ಎಂಬ ವಿತರಣೆಯನ್ನು ಬಳಸುತ್ತಿದ್ದವು. ಸೆಂಟ್‌ಒಎಸ್ 8 ಬರುತ್ತದಲ್ಲ, ನಾವೇಕೆ ಬೇರೆ ಮಾಡಬೇಕು ಎಂದು 2019ರಲ್ಲಿ ಅದರ ಮುಂದಿನ ಆವೃತ್ತಿಯನ್ನೇ ಕೈಬಿಟ್ಟಿದ್ದವು. ವರ್ಷ ಕಳೆಯುತ್ತಲೇ ಸೆಂಟ್‌ಒಎಸ್ 8 ಇಲ್ಲವೆಂದಾಯಿತು.

ಖಾಲಿಯಾದ ಜಾಗಕ್ಕೆ ಎರಡು ಹೊಸ ವಿತರಣೆಗಳು ಬಂದವು. ಕ್ಲೌಡ್‌ಲಿನಕ್ಸ್ ಕಂಪನಿ ಆರಂಭಿಸಿದ ಅಲ್ಮಾಲಿನಕ್ಸ್ 2021ರ ಮಾರ್ಚ್‌ನಲ್ಲಿ ಬಂತು. ಅಲ್ಮಾ ಎಂದರೆ ಸ್ಪ್ಯಾನಿಷ್‌ನಲ್ಲಿ ಆತ್ಮ. ಸೆಂಟ್‌ಒಎಸ್‌ನ ಸ್ಥಾಪಕರಲ್ಲಿ ಒಬ್ಬರಾದ ಗ್ರೆಗರಿ ಕರ್ಟ್ಜರ್ ಆರಂಭಿಸಿದ ರಾಕಿ ಲಿನಕ್ಸ್ 2021ರ ಜೂನ್‌ನಲ್ಲಿ ಬಂತು. ತೀರಿಕೊಂಡಿದ್ದ ಸಹಸ್ಥಾಪಕ ರಾಕಿ ಮೆಕ್‌ಗಾ ಅವರ ನೆನಪಿಗೆ ಆ ಹೆಸರು. 2022ರ ಡಿಸೆಂಬರ್‌ನಲ್ಲಿ ಸರ್ನ್ ಮತ್ತು ಫರ್ಮಿಲ್ಯಾಬ್ ತಮ್ಮ ಪ್ರಯೋಗಗಳಿಗೆ ಅಲ್ಮಾಲಿನಕ್ಸ್ ಅನ್ನು ಶಿಫಾರಸು ಮಾಡಿದವು.

ಎರಡನೇ ಬದಲಾವಣೆ: ಮೂಲ ಸಂಕೇತ ಯಾರಿಗೆ?

2023ರ ಜೂನ್ 21ರಂದು ರೆಡ್ ಹ್ಯಾಟ್ ಇನ್ನೊಂದು ನಿರ್ಧಾರ ಪ್ರಕಟಿಸಿತು. ತನ್ನ ಎಂಟರ್‌ಪ್ರೈಸ್ ಲಿನಕ್ಸ್‌ನ ನಿಖರವಾದ ಮೂಲ ಸಂಕೇತ ಇನ್ನು ಮುಂದೆ ಗ್ರಾಹಕರಿಗೆ ಮಾತ್ರ. ಸಾರ್ವಜನಿಕರಿಗೆ ಸೆಂಟ್‌ಒಎಸ್ ಸ್ಟ್ರೀಮ್‌ನ ಸಂಕೇತ ಸಿಗುತ್ತದೆ.

ಇದು ಜಿಪಿಎಲ್‌ಗೆ ವಿರುದ್ಧವಲ್ಲವೇ ಎಂದು ನೀವು ಕೇಳಬಹುದು. ಪರವಾನಗಿಯ ಮಾತನ್ನು ನೆನಪಿಸಿಕೊಳ್ಳಿ: ಪ್ರೋಗ್ರಾಂ ಯಾರಿಗೆ ಕೊಡುತ್ತೀರೋ ಅವರಿಗೆ ಮೂಲ ಸಂಕೇತ ಕೊಡಬೇಕು. ಊರಿಗೆಲ್ಲ ಕೊಡಬೇಕೆಂದಿಲ್ಲ. ಗ್ರಾಹಕರಿಗೆ ರೆಡ್ ಹ್ಯಾಟ್ ಕೊಡುತ್ತಲೇ ಇದೆ. ಆದರೆ ಗ್ರಾಹಕರು ಅದನ್ನು ಮತ್ತೆ ಹಂಚಿದರೆ ಚಂದಾ ಕರಾರು ಮುರಿಯಬಹುದು ಎಂಬ ಷರತ್ತು ಕರಾರಿನಲ್ಲಿದೆ. ಪರವಾನಗಿ ಕೊಟ್ಟ ಹಕ್ಕನ್ನು ಕರಾರು ಹಿಂದಿನ ಬಾಗಿಲಿನಿಂದ ಕಿತ್ತುಕೊಳ್ಳುತ್ತಿದೆ ಎಂಬುದು ಟೀಕಾಕಾರರ ವಾದ. ರೆಡ್ ಹ್ಯಾಟ್‌ನ ವಾದ ಬೇರೆ. ಬ್ಯಾಕ್‌ಪೋರ್ಟ್ ಮಾಡುವ ಎಂಜಿನಿಯರ್‌ಗಳಿಗೆ ಸಂಬಳ ಕೊಡುವವರು ನಾವು, ಏನನ್ನೂ ಸೇರಿಸದೆ ಹೆಸರು ಬದಲಿಸಿ ಹಂಚುವವರಿಗೆ ಆ ಕೆಲಸವನ್ನು ಸುಲಭ ಮಾಡಿಕೊಡಬೇಕಾದ ಹೊಣೆ ನಮಗಿಲ್ಲ ಎಂಬುದು ಅದು.

ಎರಡೂ ವಾದಗಳಲ್ಲಿ ತೂಕವಿದೆ. 10 ವರ್ಷ ಹಳೆಯ ಕೋಡ್ ಅನ್ನು ಕಾಯುವುದು ಬೇಸರದ, ಕಷ್ಟದ ಕೆಲಸ. ಅದಕ್ಕೆ ಯಾರಾದರೂ ಹಣ ಕೊಡಲೇಬೇಕು. ಅದೇ ಸಮಯಕ್ಕೆ, ರೆಡ್ ಹ್ಯಾಟ್ ಮಾರುವ ಲಿನಕ್ಸ್‌ನೊಳಗೆ ಜಗತ್ತಿನ ಸಾವಿರಾರು ಜನ ಹಂಚಿಕೊಳ್ಳಲೆಂದೇ ಬರೆದ ಕೋಡ್ ಇದೆ.

ಪರಿಣಾಮವಾಗಿ ಅಲ್ಮಾಲಿನಕ್ಸ್ ದಾರಿ ಬದಲಿಸಿತು. ರೆಡ್ ಹ್ಯಾಟ್‌ನ ಅಕ್ಷರಶಃ ನಕಲು ಆಗುವ ಬದಲು, ರೆಡ್ ಹ್ಯಾಟ್ ಮೇಲೆ ಓಡುವ ತಂತ್ರಾಂಶ ತನ್ನ ಮೇಲೂ ಓಡುವಂತೆ ನೋಡಿಕೊಳ್ಳುವುದಾಗಿ ಹೇಳಿತು. ರಾಕಿ ಲಿನಕ್ಸ್ ನಕಲಿನ ದಾರಿಯಲ್ಲೇ ಉಳಿಯಿತು. 2023ರ ಆಗಸ್ಟ್‌ನಲ್ಲಿ ಒರಾಕಲ್, ಸೂಸೆ ಮತ್ತು ಸಿಐಕ್ಯು ಕಂಪನಿಗಳು ಸೇರಿ ಓಪನ್‌ಇಎಲ್‌ಎ ಎಂಬ ಕೂಟ ಕಟ್ಟಿದವು. ಎಂಟರ್‌ಪ್ರೈಸ್ ಲಿನಕ್ಸ್ ಮರುಕಟ್ಟಲು ಬೇಕಾದ ಮೂಲ ಸಂಕೇತವನ್ನು ಒಟ್ಟಾಗಿ ಒದಗಿಸುವುದು ಅದರ ಉದ್ದೇಶ.

ಒಂದು ಯಂತ್ರದೊಳಗೆ ಹತ್ತು ಯಂತ್ರ

ಮೂರನೇ ಬದಲಾವಣೆ ಅರ್ಥವಾಗಲು ವರ್ಚುವಲೈಸೇಷನ್ ಎಂದರೇನು ಎಂದು ತಿಳಿಯಬೇಕು. ಒಂದು ದೊಡ್ಡ ಸರ್ವರ್‌ನಲ್ಲಿ ಒಂದೇ ಕೆಲಸ ನಡೆಯುತ್ತಿದ್ದರೆ ಅದರ ಬಹುಪಾಲು ಶಕ್ತಿ ವ್ಯರ್ಥ. ಅದನ್ನೇ ಹತ್ತು ಪಾಲು ಮಾಡಿ, ಪ್ರತಿ ಪಾಲಿಗೂ "ನಾನೇ ಒಂದು ಪೂರ್ಣ ಕಂಪ್ಯೂಟರ್" ಎಂಬ ಭ್ರಮೆ ಕೊಟ್ಟರೆ? ಆ ಪಾಲಿಗೆ ವರ್ಚುವಲ್ ಮೆಷಿನ್ ಎಂದೂ, ಪಾಲು ಮಾಡುವ ತಂತ್ರಾಂಶಕ್ಕೆ ಹೈಪರ್‌ವೈಸರ್ ಎಂದೂ ಹೆಸರು.

ಬೆಂಗಳೂರಿನ ಬಾಡಿಗೆ ಮನೆಗಳನ್ನು ನೆನಪಿಸಿಕೊಂಡರೆ ಇದು ಸುಲಭ. ಒಂದೇ ನಿವೇಶನದ ಕಟ್ಟಡದಲ್ಲಿ ಹತ್ತು ಮನೆಗಳು. ಪ್ರತಿ ಮನೆಗೂ ಬೇರೆ ಬಾಗಿಲು, ಬೇರೆ ಅಡುಗೆಮನೆ. ಇದು ವರ್ಚುವಲ್ ಮೆಷಿನ್. ಪಿಜಿಯಲ್ಲಿ ಕೋಣೆ ಮಾತ್ರ ಬೇರೆ, ಅಡುಗೆಮನೆ ಎಲ್ಲರಿಗೂ ಒಂದೇ. ಇದು ಕಂಟೇನರ್. ಇಲ್ಲಿ ಅಡುಗೆಮನೆ ಎಂದರೆ ಕರ್ನಲ್. ಕಂಟೇನರ್‌ಗಳು ಒಂದೇ ಕರ್ನಲ್ ಹಂಚಿಕೊಳ್ಳುವುದರಿಂದ ಹಗುರ, ಕ್ಷಣದಲ್ಲಿ ಶುರುವಾಗುತ್ತವೆ; ಆದರೆ ಅಡುಗೆಮನೆಯಲ್ಲಿ ಬೆಂಕಿ ಬಿದ್ದರೆ ಎಲ್ಲರಿಗೂ ತೊಂದರೆ. 2013ರಲ್ಲಿ ಬಂದ ಡಾಕರ್, 2014ರಲ್ಲಿ ಗೂಗಲ್ ಬಿಡುಗಡೆ ಮಾಡಿದ ಕುಬರ್ನೆಟಿಸ್ ಕಂಟೇನರ್‌ಗಳನ್ನು ಮನೆಮಾತಾಗಿಸಿದವು. ಕಂಟೇನರ್ ಬಂದ ಮೇಲೆ ವರ್ಚುವಲ್ ಮೆಷಿನ್ ಕಾಲ ಮುಗಿಯಿತು ಎಂಬುದು ಸರಿಯಲ್ಲ. ಕ್ಲೌಡ್‌ನಲ್ಲಿ ಓಡುವ ಕಂಟೇನರ್‌ಗಳು ಸಾಮಾನ್ಯವಾಗಿ ಇರುವುದು ವರ್ಚುವಲ್ ಮೆಷಿನ್‌ಗಳ ಒಳಗೇ.

ಈ ಉಪಾಯ ಹೊಸದೇನೂ ಅಲ್ಲ. 1960ರ ದಶಕದಲ್ಲೇ ಐಬಿಎಂ ತನ್ನ ದೊಡ್ಡ ಯಂತ್ರಗಳಲ್ಲಿ ಇದನ್ನು ಮಾಡಿತ್ತು. 1998ರಲ್ಲಿ ಹುಟ್ಟಿದ ವಿಎಂವೇರ್ ಇದನ್ನು ಸಾಮಾನ್ಯ ಇಂಟೆಲ್ ಮಾದರಿಯ ಕಂಪ್ಯೂಟರ್‌ಗಳಿಗೆ ತಂದಿತು. ಆ ಪ್ರೊಸೆಸರ್‌ಗಳನ್ನು ಇದಕ್ಕಾಗಿ ರೂಪಿಸಿರಲಿಲ್ಲ, ಹಾಗಾಗಿ ತಂತ್ರಾಂಶದಲ್ಲೇ ಬಹಳ ಕಸರತ್ತು ಮಾಡಬೇಕಿತ್ತು. 2005ರ ಕೊನೆಯಿಂದ ಇಂಟೆಲ್, ನಂತರ ಎಎಂಡಿ, ಪ್ರೊಸೆಸರ್‌ನಲ್ಲೇ ಇದಕ್ಕೆ ಅನುಕೂಲ ಒದಗಿಸಿದವು. ಅದನ್ನು ಬಳಸಿಕೊಂಡ ಕೆವಿಎಂ ಎಂಬ ಹೈಪರ್‌ವೈಸರ್ 2007ರ ಫೆಬ್ರುವರಿಯಲ್ಲಿ ಲಿನಕ್ಸ್ ಕರ್ನಲ್‌ನ ಭಾಗವೇ ಆಯಿತು. ಆದರೂ ಕಂಪನಿಗಳ ಡೇಟಾ ಸೆಂಟರ್‌ಗಳಲ್ಲಿ ವಿಎಂವೇರ್‌ನದೇ ದೊರೆತನ. ಕಾರಣ, ನಿರ್ವಹಣೆಯ ಸಲಕರಣೆಗಳು ಚೆನ್ನಾಗಿದ್ದವು, ಅದನ್ನು ಬಲ್ಲ ಜನ ಸುಲಭವಾಗಿ ಸಿಗುತ್ತಿದ್ದರು.

ಮೂರನೇ ಬದಲಾವಣೆ: ಕೊಂಡದ್ದು ಬಾಡಿಗೆಯಾದಾಗ

2022ರ ಮೇ ತಿಂಗಳಲ್ಲಿ ಚಿಪ್ ತಯಾರಕ ಬ್ರಾಡ್‌ಕಾಮ್, ಸುಮಾರು 61 ಬಿಲಿಯನ್ ಡಾಲರ್‌ಗೆ ವಿಎಂವೇರ್ ಕೊಳ್ಳುವುದಾಗಿ ಘೋಷಿಸಿತು. ಖರೀದಿ ಮುಗಿದದ್ದು 2023ರ ನವೆಂಬರ್ 22ರಂದು. ಮುಂದಿನ ತಿಂಗಳೇ ಶಾಶ್ವತ ಲೈಸೆನ್ಸ್‌ಗಳ ಮಾರಾಟ ನಿಂತಿತು. ಒಮ್ಮೆ ಹಣ ಕೊಟ್ಟು ಎಷ್ಟು ವರ್ಷ ಬೇಕಾದರೂ ಬಳಸುವ ಪದ್ಧತಿ ಹೋಗಿ, ಚಂದಾ ಪದ್ಧತಿ ಬಂತು. ಬಿಡಿಯಾಗಿ ಸಿಗುತ್ತಿದ್ದ ಹಲವು ಉತ್ಪನ್ನಗಳನ್ನು ಕೆಲವೇ ಕಟ್ಟುಗಳಾಗಿ ಸೇರಿಸಿದರು. ಒಂದು ಬೇಕಾದವರೂ ಕಟ್ಟನ್ನೇ ಕೊಳ್ಳಬೇಕು. 2024ರ ಫೆಬ್ರುವರಿಯಲ್ಲಿ ಇಎಸ್‌ಎಕ್ಸ್‌ಐ ಹೈಪರ್‌ವೈಸರ್‌ನ ಉಚಿತ ಆವೃತ್ತಿಯನ್ನೂ ನಿಲ್ಲಿಸಿದರು. ಅದು ಮರಳಿದ್ದು 2025ರ ಏಪ್ರಿಲ್‌ನಲ್ಲಿ.

ಶಾಶ್ವತ ಲೈಸೆನ್ಸ್ ಇದ್ದವರ ತಂತ್ರಾಂಶ ಮರುದಿನವೇ ನಿಲ್ಲಲಿಲ್ಲ. ಆದರೆ ಅದರ ಬೆಂಬಲ ಸೇವೆಯನ್ನು ನವೀಕರಿಸಲು ಹೋದವರಿಗೆ ಚಂದಾ ತೆಗೆದುಕೊಳ್ಳಿ ಎಂಬ ಉತ್ತರ ಬಂತು. ಅಮೆರಿಕದ ದೂರಸಂಪರ್ಕ ದೈತ್ಯ ಎಟಿ ಅಂಡ್ ಟಿ ಇದೇ ವಿಷಯಕ್ಕೆ 2024ರಲ್ಲಿ ನ್ಯಾಯಾಲಯಕ್ಕೆ ಹೋಗಿ, ಅದೇ ವರ್ಷ ರಾಜಿ ಮಾಡಿಕೊಂಡಿತು. ಅಷ್ಟು ದೊಡ್ಡ ಗ್ರಾಹಕನ ಪಾಡೇ ಇದಾದರೆ, ಹತ್ತು ಸರ್ವರ್ ಇಟ್ಟುಕೊಂಡ ಕಾಲೇಜಿನ ಅಥವಾ ನರ್ಸಿಂಗ್ ಹೋಂನ ಪಾಡು ಊಹಿಸಬಹುದು.

ಬೇರೆಯದಕ್ಕೆ ಹೋಗಬಹುದಲ್ಲ? ಹೋಗಬಹುದು. ಕೆವಿಎಂ ಮೇಲೆ ಕಟ್ಟಿದ, ಆಸ್ಟ್ರಿಯಾದ ಪ್ರಾಕ್ಸ್‌ಮಾಕ್ಸ್ ಇದೆ. ರೆಡ್ ಹ್ಯಾಟ್‌ನ ಓಪನ್‌ಶಿಫ್ಟ್ ವರ್ಚುವಲೈಸೇಷನ್, ನ್ಯುಟಾನಿಕ್ಸ್, ಮೈಕ್ರೋಸಾಫ್ಟ್‌ನ ಹೈಪರ್-ವಿ ಇವೆ. ಆದರೆ ಓಡುತ್ತಿರುವ ನೂರಾರು ವರ್ಚುವಲ್ ಮೆಷಿನ್‌ಗಳನ್ನು ಸ್ಥಳಾಂತರಿಸುವುದು ಮನೆ ಬದಲಿಸಿದಂತೆ. ಸಾಮಾನು ಸಾಗಿಸುವುದಕ್ಕಿಂತ ಕಷ್ಟದ್ದು ಗ್ಯಾಸ್, ಕರೆಂಟ್, ಶಾಲೆ, ವಿಳಾಸ ಎಲ್ಲವನ್ನೂ ಹೊಂದಿಸುವುದು. ಇಲ್ಲಿಯೂ ಹಾಗೆಯೇ: ಬ್ಯಾಕಪ್ ವ್ಯವಸ್ಥೆ, ನೆಟ್‌ವರ್ಕ್, ಸಿಬ್ಬಂದಿಯ ತರಬೇತಿ ಎಲ್ಲವೂ ಬದಲಾಗಬೇಕು. ಈ ಕಷ್ಟ ಗೊತ್ತಿರುವುದರಿಂದಲೇ ಮಾರುವವರು ಬೆಲೆ ಏರಿಸಬಲ್ಲರು.

ಕ್ಲೌಡ್ ಎಂದರೆ ಒಂದು ಕಟ್ಟಡ

ಇಷ್ಟೆಲ್ಲ ತಲೆನೋವು ಬೇಡ, ಕ್ಲೌಡ್‌ಗೆ ಹೋಗೋಣ ಎನ್ನುವವರಿದ್ದಾರೆ. ಕ್ಲೌಡ್‌ನಲ್ಲೂ ಇರುವುದು ಇದೇ ಲಿನಕ್ಸ್, ಇದೇ ವರ್ಚುವಲ್ ಮೆಷಿನ್. 2006ರಲ್ಲಿ ಅಮೆಜಾನ್ ಗಂಟೆ ಲೆಕ್ಕದಲ್ಲಿ ಕಂಪ್ಯೂಟರ್ ಬಾಡಿಗೆಗೆ ಕೊಡಲು ಆರಂಭಿಸಿದಾಗ ಅದು ನಿಂತದ್ದು ಕೇಂಬ್ರಿಡ್ಜ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಝೆನ್ ಎಂಬ ಹೈಪರ್‌ವೈಸರ್ ಮೇಲೆ. 2017ರಿಂದ ಕೆವಿಎಂ ಆಧಾರಿತ ನೈಟ್ರೋ ವ್ಯವಸ್ಥೆಗೆ ಅದು ಹೊರಳಿತು. ಯಂತ್ರಗಳು ಇರುವುದು ನೆಲದ ಮೇಲಿನ ಕಟ್ಟಡಗಳಲ್ಲಿ. ಅಮೆಜಾನ್‌ಗೆ ಭಾರತದಲ್ಲಿ 2016ರಿಂದ ಮುಂಬೈಯಲ್ಲೂ, 2022ರಿಂದ ಹೈದರಾಬಾದಿನಲ್ಲೂ ಅಂಥ ಕೇಂದ್ರಗಳಿವೆ. ಭಾರತ ಸರ್ಕಾರದ ಕ್ಲೌಡ್ ಯೋಜನೆಯ ಹೆಸರು ಮೇಘರಾಜ್. ಅದರ ಯಂತ್ರಗಳೂ ಮೇಘದಲ್ಲಿಲ್ಲ.

ಕಟ್ಟಡವೆಂದ ಮೇಲೆ ಬೆಂಕಿ ಬೀಳಬಹುದು. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರ್ ಸುಟ್ಟುಹೋಯಿತು. ಬೇರೆಡೆ ಪ್ರತಿ ಇಟ್ಟುಕೊಳ್ಳದ ಗ್ರಾಹಕರ ಮಾಹಿತಿ ಹೋದದ್ದು ಹೋಯಿತು. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಾನ್‌ನಲ್ಲಿ ಸರ್ಕಾರಿ ಡೇಟಾ ಸೆಂಟರ್‌ನ ಲಿಥಿಯಂ ಬ್ಯಾಟರಿಗಳಿಗೆ ಬೆಂಕಿ ತಗುಲಿ 600ಕ್ಕೂ ಹೆಚ್ಚು ಸರ್ಕಾರಿ ವ್ಯವಸ್ಥೆಗಳು ನಿಂತವು. ಸರ್ಕಾರಿ ನೌಕರರು ಕಡತಗಳನ್ನು ಇಡುತ್ತಿದ್ದ ಜಿ-ಡ್ರೈವ್‌ನ 858 ಟೆರಾಬೈಟ್ ಮಾಹಿತಿ ನಾಶವಾಯಿತು. ಅದು ತುಂಬಾ ದೊಡ್ಡದೆಂಬ ಕಾರಣಕ್ಕೆ ಬೇರೆಡೆ ಬ್ಯಾಕಪ್ ಇಟ್ಟಿರಲಿಲ್ಲ. ಜಗತ್ತಿನಲ್ಲೇ ಮುಂದುವರಿದ ಡಿಜಿಟಲ್ ದೇಶಗಳಲ್ಲಿ ಒಂದರಲ್ಲಿ ನಡೆದದ್ದಿದು.

ಬೆಂಕಿಯೇ ಬೇಕೆಂದಿಲ್ಲ. 2025ರ ಅಕ್ಟೋಬರ್ 20ರಂದು ಅಮೆಜಾನ್‌ನ ಉತ್ತರ ವರ್ಜೀನಿಯಾ ಕೇಂದ್ರದಲ್ಲಿ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ದಾಖಲೆಯೊಂದು ಖಾಲಿಯಾಯಿತು. ಎರಡು ಸ್ವಯಂಚಾಲಿತ ಪ್ರಕ್ರಿಯೆಗಳು ಒಂದರ ಕೆಲಸದ ಮೇಲೆ ಇನ್ನೊಂದು ಹೊರಳಿದ್ದೇ ಕಾರಣ. ಆ ದಾಖಲೆ ಡೈನಮೋಡಿಬಿ ಎಂಬ ಡೇಟಾಬೇಸ್‌ ಸೇವೆಯದು. ಅದನ್ನು ನೆಚ್ಚಿದ್ದ ಸ್ನ್ಯಾಪ್‌ಚಾಟ್, ಸಿಗ್ನಲ್‌ನಂಥ ಸೇವೆಗಳು ತೊಂದರೆಗೆ ಸಿಲುಕಿದವು.

ಹಾಗೆಂದು ಕ್ಲೌಡ್ ಕೆಟ್ಟದ್ದಲ್ಲ. ಸಣ್ಣ ಕಚೇರಿಯ ಮೂಲೆಯಲ್ಲಿ ದೂಳು ಹಿಡಿದು ಕುಳಿತ ಸರ್ವರ್‌ಗಿಂತ ಅದನ್ನು ನೋಡಿಕೊಳ್ಳುವ ಜನ ಹೆಚ್ಚು, ಅವರ ಪರಿಣತಿಯೂ ಹೆಚ್ಚು. ಆದರೆ ಕ್ಲೌಡ್ ಕಂಪನಿಗಳ ಕರಾರಿನಲ್ಲಿ ಹೊಣೆ ಹಂಚಿಕೆಯಾಗಿರುತ್ತದೆ. ಕಟ್ಟಡ, ಯಂತ್ರ, ಹೈಪರ್‌ವೈಸರ್ ಅವರ ಹೊಣೆ. ಬಾಡಿಗೆಗೆ ಪಡೆದ ವರ್ಚುವಲ್ ಮೆಷಿನ್‌ನೊಳಗಿನ ಲಿನಕ್ಸ್‌ಗೆ ಅಪ್‌ಡೇಟ್ ಹಾಕುವುದು, ಪಾಸ್‌ವರ್ಡ್ ಕಾಯುವುದು, ಮಾಹಿತಿಯ ಪ್ರತಿ ಬೇರೆಡೆ ಇಡುವುದು ಬಾಡಿಗೆದಾರರ ಹೊಣೆ. ಮನೆ ಮಾಲೀಕರು ಗೇಟ್ ಹಾಕಿಸಬಹುದು, ನಿಮ್ಮ ಮನೆಯ ಬೀಗ ನೀವೇ ಹಾಕಬೇಕು.

ನಮಗೇಕೆ ಇದೆಲ್ಲ?

ಕಣ್ಣಿಗೆ ಕಾಣದ ಅಪಾಯ ಇರುವುದು "ಓಡುತ್ತಾ ಇದೆಯಲ್ಲ, ಬಿಡಿ" ಎಂಬ ಮನೋಭಾವದಲ್ಲಿ. ಸೆಂಟ್‌ಒಎಸ್ 7ಕ್ಕೆ ಅಪ್‌ಡೇಟ್ ನಿಂತದ್ದು 2024ರ ಜೂನ್ 30ರಂದು. ಅದರ ಮರುದಿನ ಅಂಥ ಯಾವ ಸರ್ವರ್ ಕೂಡ ಕೆಟ್ಟು ನಿಲ್ಲಲಿಲ್ಲ. ತೊಂದರೆ ಇರುವುದೂ ಅಲ್ಲೇ. ಅವಧಿ ಮೀರಿದ ಔಷಧಿ ಕಹಿಯಾಗುವುದಿಲ್ಲ, ಅವಧಿ ಮೀರಿದ ಸರ್ವರ್ ನಿಧಾನವಾಗುವುದಿಲ್ಲ. ಅಂದಿನಿಂದ ಪತ್ತೆಯಾಗುವ ಪ್ರತಿ ಭದ್ರತಾ ದೋಷವೂ ಅದರಲ್ಲಿ ತೆರೆದೇ ಉಳಿಯುತ್ತದೆ. ಅದರೊಳಗೆ ಇರುವುದು ರೋಗಿಗಳ ವರದಿ, ಸಹಕಾರ ಸಂಘದ ಸಾಲದ ಲೆಕ್ಕ, ವಿದ್ಯಾರ್ಥಿಗಳ ಅಂಕಪಟ್ಟಿ. ಅಂದರೆ ನಮ್ಮ ಮಾಹಿತಿ.

ಭಾರತ ಸರ್ಕಾರ 2015ರಲ್ಲೇ ತನ್ನ ಇಲಾಖೆಗಳಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡುವ ನೀತಿ ತಂದಿದೆ. ಅದು ಒಳ್ಳೆಯ ಹೆಜ್ಜೆ. ಒಂದು ಕಂಪನಿ ಮನಸ್ಸು ಬದಲಿಸಿದರೂ ಮೂಲ ಸಂಕೇತ ಕೈಯಲ್ಲಿದ್ದರೆ ಇನ್ನೊಬ್ಬರು ಮುಂದುವರಿಸಬಹುದು. ಸೆಂಟ್‌ಒಎಸ್ ಹೋದಾಗ ಅಲ್ಮಾ, ರಾಕಿ ಬಂದದ್ದು ಹಾಗೆಯೇ. ವಿಎಂವೇರ್ ಬೆಲೆ ಏರಿಸಿದಾಗ ಅದರ ಗ್ರಾಹಕರು ಅದೇ ತಂತ್ರಾಂಶವನ್ನು ಹಾಗೆ ಮುಂದುವರಿಸಲಾಗಲಿಲ್ಲ. ಸಂಕೇತ ಅವರ ಕೈಯಲ್ಲಿರಲಿಲ್ಲ. ಸ್ವತಂತ್ರ ತಂತ್ರಾಂಶದ ನಿಜವಾದ ಲಾಭ ಇರುವುದು ಈ ವ್ಯತ್ಯಾಸದಲ್ಲಿ, ಸೊನ್ನೆ ಬೆಲೆಯಲ್ಲಲ್ಲ. ಆದರೆ ನೀತಿ ಇದ್ದರೆ ಸಾಲದು. ಲೈಸೆನ್ಸ್‌ಗೆ ಉಳಿದ ಹಣದಲ್ಲಿ ಒಂದು ಪಾಲನ್ನು ಅದನ್ನು ನೋಡಿಕೊಳ್ಳುವ ಜನರಿಗೆ ಖರ್ಚು ಮಾಡಬೇಕು. ಆ ಜನ ನಮ್ಮಲ್ಲೇ ಇದ್ದಾರೆ. ರೆಡ್ ಹ್ಯಾಟ್, ವಿಎಂವೇರ್ ಎರಡೂ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಚೇರಿಗಳನ್ನು ನಡೆಸುತ್ತ ಬಂದಿವೆ.

ನಿಮ್ಮ ಶಾಲೆ, ಸಂಘ, ಆಸ್ಪತ್ರೆ ಅಥವಾ ಕಚೇರಿಯಲ್ಲಿ ಸರ್ವರ್ ಇದ್ದರೆ ಅದನ್ನು ನೋಡಿಕೊಳ್ಳುವವರನ್ನು ಈ ನಾಲ್ಕು ಪ್ರಶ್ನೆ ಕೇಳಿ. ಉತ್ತರ ಅರ್ಥ ಮಾಡಿಕೊಳ್ಳಲು ತಂತ್ರಜ್ಞರಾಗಬೇಕಿಲ್ಲ.

1. ಇದರ ತಂತ್ರಾಂಶಕ್ಕೆ ಯಾವ ತಾರೀಖಿನವರೆಗೆ ಭದ್ರತಾ ಅಪ್‌ಡೇಟ್ ಬರುತ್ತದೆ?

2. ಆ ಅಪ್‌ಡೇಟ್‌ಗಳನ್ನು ಹಾಕುವ ಹೊಣೆ ಯಾರದು, ಕೊನೆಯ ಬಾರಿ ಹಾಕಿದ್ದು ಯಾವಾಗ?

3. ಮಾಹಿತಿಯ ಇನ್ನೊಂದು ಪ್ರತಿ ಬೇರೆ ಊರಿನಲ್ಲಿ ಇದೆಯೇ? ಅದರಿಂದ ಮಾಹಿತಿ ಮರಳಿ ಬರುತ್ತದೆಯೇ ಎಂದು ಯಾರಾದರೂ ಪರೀಕ್ಷಿಸಿದ್ದಾರೆಯೇ?

4. ನಾಳೆ ಈ ಕಂಪನಿ ಬೆಲೆ ಮೂರು ಪಟ್ಟು ಮಾಡಿದರೆ, ನಮ್ಮ ಮಾಹಿತಿ ತೆಗೆದುಕೊಂಡು ಬೇರೆಡೆ ಹೋಗಲು ಎಷ್ಟು ದಿನ ಬೇಕು?

ನಾಲ್ಕಕ್ಕೂ ತಾರೀಖು, ಹೆಸರು, ಊರು, ದಿನಗಳ ಲೆಕ್ಕದಲ್ಲಿ ಉತ್ತರ ಸಿಕ್ಕಿದರೆ ನಿಮ್ಮ ಸರ್ವರ್ ಒಳ್ಳೆಯ ಕೈಯಲ್ಲಿದೆ. "ಅದು ಕ್ಲೌಡ್‌ನಲ್ಲಿದೆ ಸಾರ್, ಏನೂ ಆಗಲ್ಲ" ಎಂಬ ಉತ್ತರ ಬಂದರೆ, ಮತ್ತೊಮ್ಮೆ ಕೇಳಿ.